ಅಕ್ಕನ ಮಗನಿಗೆ ‘ಬಂಗಾರ’, ನನಗೆ ‘ಕೇಳಿಲ್ಲೆ’

ಪ್ರಶ್ನೆ: ನಾನು ಮೈಸೂರಿನವಳು, ಗಂಡ ಧಾರವಾಡದ ಕಡೆಯವರು. ಬೆಂಗಳೂರಿನಲ್ಲಿದ್ದೇವೆ. ಮದುವೆಯಾಗಿ ಒಂದೂವರೆ ವರ್ಷ. ನಮ್ಮ ಮನೆಯಲ್ಲಿ ಎಲ್ಲರೂ ಪುಟ್ಟಿ, ಚಿನ್ನು, ಕಂದ ಅಂತಲೇ ಕರೆಯುವುದು. ಇವರು ನನ್ನನ್ನು ಹೆಸರು ಹಿಡಿದೂ ಕರೆಯುವುದಿಲ್ಲ. ‘ಏ, ಕೇಳಿಲ್ಲೆ’ (ಕೇಳು ಇಲ್ಲಿ) ಅಷ್ಟೇ. ಅಕ್ಕನ ಮಗ ವಿಡಿಯೊ ಕಾಲ್‌ಗೆ ಬಂದರೆ ಮಾತ್ರ ‘ನನ್ನ ಬಂಗಾರ, ನನ್ನ ರಾಜಾ’ ಎಂದು ಕರಗಿ ಹೋಗುತ್ತಾರೆ. ಕೇಳಿದರೆ ‘ಅದೆಲ್ಲಾ ನಾಟಕ’ ಅಂತಾರೆ. ನಾನೇ ಸುಮ್ನೆ ದೊಡ್ಡದು ಮಾಡ್ತಿದ್ದೀನಾ?

ಉತ್ತರ: ಇಲ್ಲಮ್ಮಾ. ‘ಮಾತಲ್ಲೇನಿದೆ, ಚೆನ್ನಾಗಿ ನೋಡ್ಕೋತಾನಲ್ಲ’ ಎಂದು ಹತ್ತು ಜನ ಬುದ್ಧಿ ಹೇಳಿರುತ್ತಾರೆ. ನಾನು ಹೇಳುವುದಿಲ್ಲ.

ನಿಮ್ಮವರಿಗೆ ಅಕ್ಕರೆಯ ಮಾತು ಬರುತ್ತದೆ, ಹೆಂಡತಿಗೆ ಹೇಳುವುದು ಬರುವುದಿಲ್ಲ. ಧಾರವಾಡದ ಕಡೆಯ ಎಷ್ಟೋ ಮನೆಗಳಲ್ಲಿ ಬಂಗಾರ, ರಾಜಾ ಎಲ್ಲಾ ಮಕ್ಕಳ ಪಾಲು. ಸೊಸೆಗೂ ಒಂದು ‘ಅವ್ವಾ’ ಸಿಗುತ್ತದೆ. ನಿಮ್ಮತ್ತೆ ಫೋನಿನಲ್ಲಿ ‘ಊಟ ಆತೇನವಾ?’ ಅಂತಾರಲ್ವಾ, ಆ ಕೊನೆಯ ‘ವಾ’ ಸುಮ್ಮನೆ ಬಂದದ್ದಲ್ಲ. ಬರಿಗೈಯಲ್ಲಿ ಉಳಿಯುವುದು ಗಂಡ-ಹೆಂಡತಿ. ಹಿಂದಿನವರು ಒಬ್ಬರ ಹೆಸರನ್ನು ಒಬ್ಬರು ಹೇಳುತ್ತಲೇ ಇರಲಿಲ್ಲ. ಮದುವೆಯಲ್ಲೋ ಸೀಮಂತದಲ್ಲೋ ನೆಂಟರು ಬಿಡದೆ ಕಾಡಿದಾಗ, ಒಡಪು ಕಟ್ಟಿ, ಪ್ರಾಸದ ನಡುವೆ ತೂರಿಸಿ ಹೇಳುತ್ತಿದ್ದರು. ಈಗಲೂ ಹೇಳಿಸುತ್ತಾರೆ, ನಿಮ್ಮ ಕೈಲೂ ಹೇಳಿಸಿರಬೇಕು. ಉಳಿದ ದಿನ ಅವರು ‘ನಮ್ಮ ಮನಿಯವರು’, ಇವಳು ‘ನಮ್ಮಾಕಿ’. ಮೈಸೂರಿನ ತಾತಂದಿರೇನೂ ಕಮ್ಮಿಯಿಲ್ಲ ಬಿಡಿ. ‘ಲೇ, ಇವಳೇ’ ಎಂದುಕೊಂಡೇ ಸಂಸಾರ ಮುಗಿಸಿದವರು ಅವರು.

ಹಾಗಂತ ಸುಮ್ಮನಿರಬೇಡಿ, ಕೇಳಿ. ಆದರೆ ‘ಚಿನ್ನಾ ಅನ್ನಿ’ ಅಂತ ಕೇಳಬೇಡಿ. ಹೇಳಿಕೊಟ್ಟ ಮಾತು ನಾಲ್ಕು ದಿನಕ್ಕೆ ಹಾಲಿನವನನ್ನು ‘ಅಣ್ಣಾ’ ಅಂದಷ್ಟು ಸಲೀಸಾಗುತ್ತದೆ, ಆಮೇಲೆ ನಿಮಗೇ ಬೇಜಾರು. ಹೆಸರು ಹಿಡಿದು ಕರೆಯಿರಿ ಅನ್ನಿ. ಮನೆಯಲ್ಲಿ ಇಬ್ಬರೇ ಇರುವಾಗ ಸಾಕು. ನಾಚಿಕೆ ಬಿಟ್ಟ ಮೇಲೆ ಮುದ್ದಿನ ಹೆಸರು ಅವರ ಬಾಯಿಂದಲೇ ಹುಟ್ಟುತ್ತದೆ. ಅದು ಚಿನ್ನ ಆಗದೆ ‘ಹುಚ್ಚಿ’ ಆದರೆ ಮುನಿಸಿಕೊಳ್ಳಬೇಡಿ, ಮುದ್ದಿಗೂ ಹಾಗನ್ನುತ್ತಾರೆ. ಅಕ್ಕನ ಮಗನ ವಿಷಯ ಮಾತ್ರ ಎತ್ತಬೇಡಿ. ಮಗುವಿನ ಜೊತೆ ಎಂಥ ಪೈಪೋಟಿ!

ನೀವು ಅವರನ್ನು ಏನಂತ ಕರೆಯುತ್ತೀರಿ? ಪತ್ರದಲ್ಲಿ ಅದಿಲ್ಲ. ಅತ್ತೆಯ ಮುಂದೆ ‘ಬಾರೋ’ ಅಂದಿದ್ದರೆ ನಿಮ್ಮವರು ಇನ್ನೂ ಜಾಸ್ತಿ ಬಿಗಿಯಾಗಿರಬಹುದು. ಎಲ್ಲರೆದುರು ‘ರೀ’, ರೂಮಿನಲ್ಲಿ ‘ಕಣೋ’ ಎಂದು ನಡೆಸುವ ಜೋಡಿಗಳು ಬೇಕಾದಷ್ಟಿವೆ. ಅದರಲ್ಲಿ ಕಪಟವೇನೂ ಇಲ್ಲ.

ಇದೆಲ್ಲಾ ಬೇರೆ ವಿಷಯದಲ್ಲಿ ಅವರು ಸರಿಯಿದ್ದಾರೆ ಅಂದುಕೊಂಡು ಬರೆದದ್ದು. ದಿನ ಹೇಗಿತ್ತು ಎಂದು ಕೇಳುವುದಿಲ್ಲ, ಪಕ್ಕದಲ್ಲಿ ಕೂರುವುದೂ ಇಲ್ಲ ಅಂದರೆ ಹೆಸರು ಹಿಡಿದು ಕರೆಸಿಕೊಂಡು ಏನೂ ಆಗುವುದಿಲ್ಲ. ಆಗ ಇಬ್ಬರೂ ಒಟ್ಟಿಗೆ ಒಬ್ಬ ಆಪ್ತ ಸಮಾಲೋಚಕರ ಹತ್ತಿರ ಹೋಗುವುದೇ ವಾಸಿ.