ಓದುಗರ ವಿಜ್ಞಾನ ಪ್ರಶ್ನೆಗಳು: ನಿಕಲ್ ಕಾಯಿಸಿದರೆ ಸಮ್ಮಿಲನವೇ?

ಪ್ರಶ್ನೆ: ನಿಕಲ್ ಪುಡಿಗೆ ಹೈಡ್ರೋಜನ್ ತುಂಬಿಸಿ 1200 ಡಿಗ್ರಿಗೆ ಕಾಯಿಸಿದರೆ ಕೋಲ್ಡ್ ಫ್ಯೂಷನ್ (ಸೂರ್ಯನಂಥ ಭಾರೀ ಬಿಸಿಯಿಲ್ಲದೆ ಪರಮಾಣುಬೀಜಗಳ ಸಮ್ಮಿಲನ) ಶುರುವಾಗುತ್ತದಂತೆ. ಅಷ್ಟು ಬಿಸಿಯಿಂದ ಆಗುವುದೇನು? ನಮ್ಮ ಕೈಗಾದಲ್ಲಿ ಇದಕ್ಕಿಂತ ಎಷ್ಟೋ ಕಡಿಮೆ ಬಿಸಿಯಲ್ಲೇ ಕೆಲಸ ನಡೆಯುತ್ತದಲ್ಲ? — ಕಾರವಾರದ ಓದುಗರು

ಉತ್ತರ: ಕೈಗಾದಲ್ಲಿ ಯುರೇನಿಯಂ ಒಡೆಯುವುದು ನ್ಯೂಟ್ರಾನ್. ಅದಕ್ಕೆ ವಿದ್ಯುದಾವೇಶವಿಲ್ಲ, ಹಾಗಾಗಿ ಒಳಹೊಗಲು ಬಿಸಿಯ ಹಂಗಿಲ್ಲ. ಅಲ್ಲಿ ಭಾರಜಲ ಸುಮಾರು 300 ಡಿಗ್ರಿಗೆ ಕಾಯುವುದು ಕ್ರಿಯೆಯ ಫಲ, ಕಾರಣವಲ್ಲ. ಹೈಡ್ರೋಜನ್‌ನ ಪ್ರೋಟಾನ್ ಕಥೆಯೇ ಬೇರೆ. 28 ಪ್ರೋಟಾನ್‌ಗಳಿರುವ ನಿಕಲ್ ಪರಮಾಣುಬೀಜ ಅದನ್ನು ದೂರ ತಳ್ಳುತ್ತದೆ. ಆ ತಡೆ ಹತ್ತಾರು ಲಕ್ಷ ಎಲೆಕ್ಟ್ರಾನ್ ವೋಲ್ಟ್‌ನಷ್ಟು. 1200 ಡಿಗ್ರಿಯಲ್ಲಿ ಕಣಕ್ಕೆ ಸಿಗುವ ಶಾಖಶಕ್ತಿ ಸುಮಾರು 0.13 ಎಲೆಕ್ಟ್ರಾನ್ ವೋಲ್ಟ್, ಕೋಣೆಯ ತಾಪಮಾನದಲ್ಲಿ 0.025. ಐದು ಪಟ್ಟು ಏರಿದರೂ ತಡೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಆದ್ದರಿಂದ ಬಲ್ಲ ಪ್ರತಿಪಾದಕರೂ ಬಿಸಿಯೇ ಬೀಜಗಳನ್ನು ಬೆಸೆಯುತ್ತದೆ ಎನ್ನುವುದಿಲ್ಲ, ಬಿಸಿಯಿಂದ ಲೋಹದ ಸ್ಥಿತಿ ಬದಲಾಗುತ್ತದೆ ಎನ್ನುತ್ತಾರೆ. ಅಷ್ಟು ನಿಜ. ಪುಡಿಯ ಮೇಲಿನ ಆಕ್ಸೈಡ್ ಪದರ ಸುಮಾರು 300 ಡಿಗ್ರಿ ದಾಟಿದ ಮೇಲೆ ಹೈಡ್ರೋಜನ್‌ನಲ್ಲಿ ಚೆನ್ನಾಗಿ ಕಳಚುತ್ತದೆ. ಆ ಪದರ ಉಳಿದರೆ ಅನಿಲ ಒಳಗಿಳಿಯುವುದಿಲ್ಲ. ಪಲ್ಲಾಡಿಯಂ ಹೈಡ್ರೋಜನ್ ಹೀರುವಾಗ ಶಾಖ ಬಿಡುತ್ತದೆ, ಹಾಗಾಗಿ ಬಿಸಿಯಾದಷ್ಟೂ ಕಡಿಮೆ ಹಿಡಿದುಕೊಳ್ಳುತ್ತದೆ. ನಿಕಲ್ ತದ್ವಿರುದ್ಧ, ಬಿಸಿಯಾದಷ್ಟೂ ಹೆಚ್ಚು ಕರಗಿಸಿಕೊಳ್ಳುತ್ತದೆ. ಆದರೆ ಆ ಹೆಚ್ಚು ಎಷ್ಟು? ಒಂದು ವಾಯುಭಾರದ ಒತ್ತಡದಲ್ಲಿ, ಸಾವಿರ ಡಿಗ್ರಿಯ ಹತ್ತಿರ, ಹತ್ತು ಸಾವಿರ ನಿಕಲ್ ಪರಮಾಣುಗಳಿಗೆ ನಾಲ್ಕಾರು ಹೈಡ್ರೋಜನ್, ಅಷ್ಟೆ. 1455 ಡಿಗ್ರಿಗೆ ನಿಕಲ್ಲೇ ಕರಗಿ ಹೋಗುತ್ತದೆ.

1994ರಲ್ಲಿ ಇಟಲಿಯ ಫೋಕಾರ್ಡಿ, ಪಿಯಾಂಟೆಲ್ಲಿ, ಹಾಬೆಲ್ ಹೈಡ್ರೋಜನ್ ತುಂಬಿ ಕಾಯಿಸಿದ ನಿಕಲ್ ಸರಳಿನಲ್ಲಿ ಹೆಚ್ಚುವರಿ ಶಾಖ (ಕೊಟ್ಟ ವಿದ್ಯುತ್ತಿಗಿಂತ ಹೆಚ್ಚು ಹೊರಬಂದ ಶಾಖ) ಕಂಡೆವೆಂದರು. ಎರಡು ವರ್ಷದ ನಂತರ ಯುರೋಪಿನ ಕಣಭೌತ ಪ್ರಯೋಗಾಲಯವಾದ ಸರ್ನ್‌ನಲ್ಲಿ ಅದನ್ನೇ ಮಾಡಿ ನೋಡಿದವರಿಗೆ ತಾಪಮಾನದ ಏರಿಕೆ ಕಂಡಿತು, ಹೆಚ್ಚುವರಿ ಶಾಖದ ಪುರಾವೆ ಸಿಗಲಿಲ್ಲ. ಇವೆರಡು ಬೇರೆ ಬೇರೆ ಸಂಗತಿ ಎಂಬುದನ್ನು ಇದರ ಬಗ್ಗೆ ವಿಡಿಯೊ ಮಾಡುವವರು ಹೇಳುವುದೇ ಇಲ್ಲ. ಗೂಗಲ್ ಹಣದಿಂದ ನಡೆದ, 2019ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲೂ ಏನೂ ಸಿಗಲಿಲ್ಲ.

ಪ್ರಶ್ನೆ: ಸ್ಟೀಲ್ ಕೊಳವೆಯ ನಡುವೆ ಹೀಟರ್, ಒಳಗೆ ತುದಿಯ ಹತ್ತಿರ ಥರ್ಮೋಕಪಲ್ (ತಾಪಮಾನ ಅಳೆಯುವ ಲೋಹದ ತಂತಿಜೋಡಿ). ಆರ್ಗಾನ್‌ಗಿಂತ ಹೈಡ್ರೋಜನ್ ತುಂಬಿದಾಗ ತಾಪಮಾನ ಹೆಚ್ಚು ತೋರಿಸುತ್ತದೆ. ಹೀಟರ್ ಮಾತ್ರ ಅದೇ. ಇದು ಹೆಚ್ಚುವರಿ ಶಾಖವಲ್ಲವೇ? — ಕಾಲೇಜು ಉಪನ್ಯಾಸಕರು, ಶಿರಸಿ

ಉತ್ತರ: ಅಲ್ಲ. ಹೈಡ್ರೋಜನ್ ಆರ್ಗಾನ್‌ಗಿಂತ ಸುಮಾರು ಹತ್ತು ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ನಡುವಿನ ಬಿಸಿ ತುದಿಗೆ ತಲುಪುತ್ತದೆ, ಥರ್ಮೋಕಪಲ್ ಮೇಲೇರುತ್ತದೆ. ಹೋಲಿಕೆಗೆ ಹೀಲಿಯಂ ಬಳಸಿ, ಅದರ ಶಾಖವಾಹಕತೆ ಹೈಡ್ರೋಜನ್‌ಗೆ ಹತ್ತಿರ. 50 ವಾಟ್‌ನಂತೆ ಹೀಟರಿನ ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ತಾಪಮಾನ ಪೂರ್ತಿ ನಿಂತ ಮೇಲೆಯೇ ಬರೆದುಕೊಳ್ಳಿ.

ಹೀಟರ್ ಅದೇ ಎಂದಿರಿ, ವೋಲ್ಟೇಜ್? ಶಿರಸಿ ಸುತ್ತ ತೋಟದ ಪಂಪ್‌ಸೆಟ್‌ಗಳು ನಿಂತ ಮೇಲೆ ರಾತ್ರಿ 230 ಇದ್ದದ್ದು 245 ಆದರೆ ಹೀಟರ್‌ನ ಶಕ್ತಿ 13 ಶೇಕಡಾ ಹೆಚ್ಚುತ್ತದೆ, ಯಾಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ಅನುಗುಣ. ಎಷ್ಟೋ ಪ್ರಯೋಗಗಳ 'ಲಾಭ' ಅಷ್ಟರೊಳಗೇ ಇರುತ್ತದೆ! ಫ್ಯಾನ್ ರೆಗ್ಯುಲೇಟರಿನಂಥ ಡಿಮ್ಮರ್ ಬೇಡ. ಅದು ಅಲೆಯನ್ನು ಕತ್ತರಿಸುವುದರಿಂದ ಅಗ್ಗದ ಮೀಟರು ತಪ್ಪು ಓದುತ್ತದೆ. ಸ್ಥಿರ ಡಿಸಿ ಸಪ್ಲೈ ಒಳ್ಳೆಯದು.

ಕೆ ಟೈಪ್ ಥರ್ಮೋಕಪಲ್ 800ರಿಂದ 1050 ಡಿಗ್ರಿ ನಡುವೆ, ಆಮ್ಲಜನಕ ತೀರ ಕಡಿಮೆ ಇದ್ದಲ್ಲಿ ಕೊರೆದುಹೋಗಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅದನ್ನು ನಂಬಿದ ಕಂಟ್ರೋಲರ್ ಕುಲುಮೆಗೆ ಇನ್ನಷ್ಟು ಕರೆಂಟ್ ನೂಕುತ್ತದೆ. ಥರ್ಮಲ್ ಕ್ಯಾಮೆರಾಕ್ಕೆ ಬೇರೆಯೇ ತೊಡಕು. ಅದು ನೋಡುವ 7.5ರಿಂದ 13 ಮೈಕ್ರಾನ್ ಪಟ್ಟಿಯಲ್ಲಿ ಅಲ್ಯುಮಿನಾದ (ಸೆರಾಮಿಕ್ ಕೊಳವೆಯ ವಸ್ತು) ಎಮಿಸಿವಿಟಿ, ಅಂದರೆ ವಿಕಿರಣ ಹೊರಸೂಸುವ ಸಾಮರ್ಥ್ಯ, 0.9ರ ಆಸುಪಾಸು, ಇಡೀ ವಿಕಿರಣಕ್ಕೆ ಸರಾಸರಿ ತೆಗೆದರೆ ಅದರ ಅರ್ಧದಷ್ಟು. ಕ್ಯಾಮೆರಾದಲ್ಲಿ ಎರಡನೆಯದನ್ನು ಹಾಕಿದರೆ ತಾಪಮಾನ ಉಬ್ಬಿ ಬರುತ್ತದೆ. ಇಟಲಿಯ ಆಂಡ್ರಿಯಾ ರೋಸಿಯ 'ಇ-ಕ್ಯಾಟ್' ಎಂಬ ನಿಕಲ್-ಹೈಡ್ರೋಜನ್ ಸಾಧನಕ್ಕೆ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ ನಡೆದ, 2014ರಲ್ಲಿ ವರದಿಯಾದ ಪರೀಕ್ಷೆಯ ಮೇಲಿನ ಮುಖ್ಯ ಆಕ್ಷೇಪ ಇದೇ. ಸಾವಿರವನ್ನು 1400 ಎಂದು ಓದಿ, ಅದೇ ಎಮಿಸಿವಿಟಿಯಿಂದ ವಿಕಿರಣದ ಲೆಕ್ಕ ಮಾಡಿದರೆ ಶಕ್ತಿ ಮೂರು ಪಟ್ಟಾಗಿ ಕಾಣುತ್ತದೆ.

ಇದಕ್ಕೆಲ್ಲ ಮದ್ದು ನೀರು. ಕುಲುಮೆಯ ಸುತ್ತ ತಾಮ್ರದ ಸುರುಳಿಯಲ್ಲಿ ಸೆಕೆಂಡಿಗೆ 5 ಗ್ರಾಂ ನೀರು ಹರಿಸಿ 5 ಡಿಗ್ರಿ ಏರಿದರೆ ಸುಮಾರು 105 ವಾಟ್. ಅರ್ಧ ಡಿಗ್ರಿ ತಪ್ಪಿದರೆ 10 ವಾಟ್ ತಪ್ಪು, ಅಷ್ಟಕ್ಕಿಂತ ಸಣ್ಣ ಲಾಭವನ್ನು ಲಾಭವೆನ್ನಬೇಡಿ.

ಪ್ರಶ್ನೆ: ಹೈಡ್ರೋಜನ್‌ಗಾಗಿ ಲಿಥಿಯಂ ಅಲ್ಯುಮಿನಿಯಂ ಹೈಡ್ರೈಡ್ ತರಿಸಿ ಈ ನಿಕಲ್ ಪ್ರಯೋಗವನ್ನು ಮನೆಯಲ್ಲೇ ಮಾಡಬಹುದೇ? — ಬಿ.ಎಸ್ಸಿ. ವಿದ್ಯಾರ್ಥಿ, ಕುಮಟಾ

ಉತ್ತರ: ಬೇಡ ಮಾರಾಯ. ಅದು ಸುಮಾರು 150 ಡಿಗ್ರಿಯಿಂದಲೇ ಹೈಡ್ರೋಜನ್ ಬಿಡತೊಡಗುತ್ತದೆ. ಒಂದು ಗ್ರಾಂನಿಂದ ಹತ್ತಿರ ಹತ್ತಿರ ಒಂದು ಲೀಟರ್. 10 ಮಿಲಿಲೀಟರ್‌ನ ಮುಚ್ಚಿದ ಸೆರಾಮಿಕ್ ಕೊಳವೆಯಲ್ಲಿ ಅದು ತಣ್ಣಗಿದ್ದರೂ ನೂರು ವಾಯುಭಾರ, ಸಾವಿರ ಡಿಗ್ರಿಯಲ್ಲಿ ನಾಲ್ಕು ಪಟ್ಟು. ಕೊಳವೆ ಸಿಡಿಯುತ್ತದೆ. ಕರಾವಳಿಯ ಮಳೆಗಾಲದ ತೇವದಲ್ಲಿ ಆ ಪುಡಿಯ ಡಬ್ಬಿ ತೆರೆಯುವುದೇ ಅಪಾಯ, ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಬೇಕು. ನಿಕಲ್ ಧೂಳು ಉಸಿರಿಗೆ ಹೋದರೆ ಕ್ಯಾನ್ಸರ್ ತರಬಹುದೆಂಬ ಶಂಕೆಯಿದೆ. ಕಾಲೇಜಿನ ಲ್ಯಾಬಿನಲ್ಲಿ ಯಾರಾದರೂ ಇದನ್ನು ಇಟ್ಟಿದ್ದರೆ ಪಕ್ಕದಲ್ಲಿ ಒಣ ಮರಳಿನ ಬಕೆಟ್ ಇರಲಿ. ಈ ಬೆಂಕಿಗೆ ನೀರೂ ಆಗದು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರೂ ಆಗದು.