ಸ್ನಬ್ಬರ್‌ನಲ್ಲಿ ಕೆಪಾಸಿಟರ್ ಒಂದೇ ಏಕೆ ಸಾಲದು?

ಪಕ್ಕದ ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ದೊಡ್ಡ ಸ್ವಿಚ್) ಆಫ್ ಆದಾಗಲೆಲ್ಲ ನಿಮ್ಮ 230 ವೋಲ್ಟಿನ ಹೀಟರ್ ಕಂಟ್ರೋಲರ್‌ನಲ್ಲಿ ಎದುರುಬದುರಾಗಿ ಜೋಡಿಸಿದ ಎಸ್‌ಸಿಆರ್‌ಗಳು (ಥೈರಿಸ್ಟರ್‌ಗಳು, ಅಂದರೆ ಗೇಟ್ ಎಂಬ ಕಾಲಿಗೆ ಪಲ್ಸ್ ಕೊಟ್ಟಾಗ ಆನ್ ಆಗುವ ಅರೆವಾಹಕ ಸ್ವಿಚ್‌ಗಳು) ಗೇಟ್ ಪಲ್ಸ್ ಇಲ್ಲದೆಯೇ ಆನ್ ಆಗುತ್ತಿವೆ, ಅವಕ್ಕೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ. ಸಾಲದು. ಸ್ನಬ್ಬರ್ ಎಂದರೆ ವೋಲ್ಟೇಜ್ ಥಟ್ಟನೆ ಏರದಂತೆ ಸ್ವಿಚ್ಚಿಗೆ ಅಡ್ಡಲಾಗಿ ಹಾಕುವ ಕೆಪಾಸಿಟರ್ ಮತ್ತು ರೆಸಿಸ್ಟರ್ ಜೋಡಿ. ಕೆಪಾಸಿಟರ್ ಒಂದನ್ನೇ ಹಾಕಿದರೆ ಈಗಿನ ತೊಂದರೆ ನಿಂತು, ಎಸ್‌ಸಿಆರ್ ಅನ್ನೇ ಸುಡುವ ಇನ್ನೊಂದು ತೊಂದರೆ ಶುರುವಾಗುತ್ತದೆ.

ಥೈರಿಸ್ಟರ್ ಆಫ್ ಆಗಿದ್ದು ಮುಮ್ಮುಖ ವೋಲ್ಟೇಜನ್ನು ತಡೆದು ನಿಂತಿರುವಾಗ ಅದನ್ನೆಲ್ಲ ಹೊರುವುದು ನಾಲ್ಕು ಪದರಗಳ ನಟ್ಟನಡುವಿನ ಜಂಕ್ಷನ್. ಅದು ಪುಟ್ಟ ಕೆಪಾಸಿಟರ್‌ನಂತೆ ವರ್ತಿಸುವುದರಿಂದ, ಕಾಂಟ್ಯಾಕ್ಟರ್ ಆಫ್ ಆದಾಗಿನಂತೆ ವೋಲ್ಟೇಜ್ ಥಟ್ಟನೆ ಏರಿದರೆ ಅದರ ಮೂಲಕ ಚಾರ್ಜಿಂಗ್ ಕರೆಂಟ್ ಹರಿಯುತ್ತದೆ. ಆ ಕೆಪಾಸಿಟನ್ಸ್ 100 ಪಿಕೊಫ್ಯಾರಡ್ ಎಂದಿಟ್ಟುಕೊಂಡರೆ, ಮೈಕ್ರೊಸೆಕೆಂಡಿಗೆ 200 ವೋಲ್ಟ್ ಏರಿಕೆಗೆ 20 ಮಿಲಿಆಂಪಿಯರ್ ಆಯಿತು. ಅನೇಕ ಎಸ್‌ಸಿಆರ್‌ಗಳ ಗೇಟಿಗೆ ಆನ್ ಆಗಲು ಬೇಕಾಗುವುದೂ ಹೆಚ್ಚುಕಡಿಮೆ ಇಷ್ಟೇ, ಹಾಗಾಗಿ ಪಲ್ಸ್ ಇಲ್ಲದೆಯೇ ಅವು ಆನ್ ಆಗಿಬಿಡುತ್ತವೆ. 0.1 ಮೈಕ್ರೊಫ್ಯಾರಡ್‌ನ ಹೊರಗಿನ ಕೆಪಾಸಿಟರ್ ಲೈನಿನ ಇಂಡಕ್ಟನ್ಸ್ (ಕರೆಂಟಿನ ಬದಲಾವಣೆಯನ್ನು ವಿರೋಧಿಸುವ ಗುಣ) ಜೊತೆ ಸೇರಿ ಈ ಏರಿಕೆಯನ್ನು ನಿಧಾನಗೊಳಿಸುತ್ತದೆ.

ಆದರೆ ಮೇನ್ಸ್ ತನ್ನ ಶಿಖರ ಮುಟ್ಟಿದಾಗ ಇದೇ ಕೆಪಾಸಿಟರ್‌ನಲ್ಲಿ 325 ವೋಲ್ಟ್ ತುಂಬಿರುತ್ತದೆ. ಆ ಹೊತ್ತಿಗೆ ಗೇಟ್ ಪಲ್ಸ್ ಬಂದರೆ ಅದರ ಚಾರ್ಜೆಲ್ಲ ಅಡೆತಡೆಯಿಲ್ಲದೆ ಎಸ್‌ಸಿಆರ್ ಒಳಗೆ ನುಗ್ಗುತ್ತದೆ. ಆನ್ ಆಗುವ ಮೊದಲ ಕ್ಷಣದಲ್ಲಿ ಕರೆಂಟ್ ಒಯ್ಯುವುದು ಗೇಟಿನ ಸುತ್ತಲಿನ ಕಿರಿದಾದ ಜಾಗ ಮಾತ್ರ. ಉಳಿದ ಸಿಲಿಕಾನಿಗೆ ವಹನ ಹರಡಲು ಕೆಲವಾದರೂ ಮೈಕ್ರೊಸೆಕೆಂಡು ಬೇಕು. ಅಷ್ಟರೊಳಗೆ ಕರೆಂಟೆಲ್ಲ ಅಲ್ಲೇ ಒತ್ತರಿಸಿದರೆ ಆ ಜಾಗ ಕರಗಿ ಶಾರ್ಟ್ ಆಗುತ್ತದೆ. ಕೆಪಾಸಿಟರ್‌ಗೆ ಸರಣಿಯಲ್ಲಿ 100 ಓಮ್ ರೆಸಿಸ್ಟರ್ ಇದ್ದರೆ ಅದರಿಂದ ಬರುವ ಕರೆಂಟ್ 3.25 ಆಂಪಿಯರ್ ಮೀರದು, ಜೊತೆಗೆ ಇಂಡಕ್ಟನ್ಸ್ ಮತ್ತು ಕೆಪಾಸಿಟರ್ ನಡುವಿನ ವೋಲ್ಟೇಜ್ ತೂಗಾಟವೂ ಅಡಗುತ್ತದೆ. ಹಾಗೆಂದು ರೆಸಿಸ್ಟರನ್ನು ವಿಪರೀತ ಹೆಚ್ಚಿಸಬೇಡಿ, ಕೆಪಾಸಿಟರ್ ಇದ್ದೂ ಇಲ್ಲದಂತಾದೀತು.

ಕೆಪಾಸಿಟರ್ ಎಕ್ಸ್2 ದರ್ಜೆಯದಾಗಿರಲಿ, ಅಂದರೆ ಮೇನ್ಸ್‌ಗೆ ನೇರವಾಗಿ ಅಡ್ಡಲಾಗಿ ಹಾಕಲೆಂದೇ ತಯಾರಾದದ್ದು. ರೆಸಿಸ್ಟರ್ 2 ವ್ಯಾಟಿನದಿರಲಿ, ಆದರೆ ಸಾಮಾನ್ಯ ವೈರ್‌ವೌಂಡ್ ಬೇಡ, ಏಕೆಂದರೆ ಅದು ಸುರುಳಿಯೇ ಆದ್ದರಿಂದ ತನ್ನದೇ ಇಂಡಕ್ಟನ್ಸ್ ತರುತ್ತದೆ. ಉದ್ದನೆಯ ವೈರೂ ಹಾಗೆಯೇ ಇಂಡಕ್ಟನ್ಸ್ ತರುತ್ತದೆ, ಇದನ್ನು ಬಹಳ ಮಂದಿ ಗಮನಿಸುವುದಿಲ್ಲ. ನಾನೊಮ್ಮೆ ಸರಿಯಾದ ಮೌಲ್ಯಗಳ ಸ್ನಬ್ಬರನ್ನೇ ಒಂದಡಿ ವೈರಿನಲ್ಲಿ ಎಳೆದು ಪ್ಯಾನೆಲ್ಲಿನ ಮೂಲೆಯಲ್ಲಿ ಕೂರಿಸಿದ್ದೆ. ಆಸಿಲೋಸ್ಕೋಪಿನ ಪರದೆಯ ಮೇಲೆ ಸೂಜಿಯಂಥ ಸ್ಪೈಕ್ ಹಾಗೆಯೇ ಏಳುತ್ತಿತ್ತು. ಅದನ್ನೇ ಬಿಚ್ಚಿ ಎಸ್‌ಸಿಆರ್‌ನ ಕಾಲುಗಳಿಗೆ ನೇರವಾಗಿ ಬೆಸುಗೆ ಹಾಕಿದ ಮೇಲೆ ಸ್ಪೈಕ್ ಮೊಂಡಾಯಿತು, ತಾನಾಗಿ ಆನ್ ಆಗುವುದೂ ನಿಂತಿತು.

ಎಸ್‌ಸಿಆರ್‌ಗಳು ಆಫ್ ಇದ್ದಾಗಲೂ ಈ ಸ್ನಬ್ಬರ್ ಮೂಲಕ 50 ಹರ್ಟ್ಸ್‌ನಲ್ಲಿ ಸುಮಾರು 7 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ; ಆದ್ದರಿಂದ ಹೀಟರಿನ ವೈರ್ ಮುಟ್ಟುವ ಮೊದಲು ಎಂಸಿಬಿಯನ್ನೇ ಇಳಿಸಿ.