36 ಅಡಿಯ ಪೈಲಟ್‌ಹೌಸ್ ಮೋಟಾರ್‌ಸೇಲರ್ ಮಾಡಿಸೋದಾದರೆ ಡಿಸೈನ್‌ನಲ್ಲಿ ಏನೇನು ನೋಡಬೇಕು?

ಅಂದರೆ ಹಾಯಿಯ ಜೊತೆ ಎಂಜಿನ್ನಲ್ಲೂ ಓಡೋ ದೋಣಿ, ಅದರ ಮೇಲೆ ನಡೆಸೋರು ನಿಲ್ಲೋಕೆ ಗಾಜಿನ ಕ್ಯಾಬಿನ್ (ಅದೇ ಪೈಲಟ್‌ಹೌಸ್). ಎಂಜಿನ್ 100 ಎಚ್‌ಪಿ ಸಾಕಾ, 120 ಬೇಕಾ. ಸುತ್ತ ಗಾಜು ಎಷ್ಟೆತ್ತರ ಇರಲಿ. ಒಳಗೆ ಆರಡಿಯವನು ತಲೆ ತಗ್ಗಿಸದೆ ನಿಲ್ಲಬೇಕು. ನಿಮ್ಮ ಈ ಪ್ರಶ್ನೆಗಳನ್ನ ಓದಿ ನಗು ಬಂತು ಸರ್, ತಪ್ಪು ತಿಳೀಬೇಡಿ. ಕೋಲಾರದಲ್ಲಿ ಕೂತು ನೀವು ಕೇಳ್ತಿರೋದನ್ನೇ ತುಮಕೂರಿನಲ್ಲಿ ಕೂತು ನಾನೂ ಕೇಳಿದ್ದೆ. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನನ್ನದು ಫ್ಯಾಬ್ರಿಕೇಶನ್ ಶೆಡ್. ನೀರಿನ ಟ್ಯಾಂಕು, ರೈಸ್‌ಮಿಲ್ಲಿನ ಹಾಪರ್, ಚಾವಣಿಯ ಟ್ರಸ್ಸು. ಪ್ಲೇಟು ಬಗ್ಗಿಸಿ ವೆಲ್ಡ್ ಮಾಡೋದೇ ಕಸುಬು. 34 ಅಡಿಯ ಉಕ್ಕಿನ ದೋಣಿಯ ಡ್ರಾಯಿಂಗ್ ಹೊರದೇಶದಿಂದ ತರಿಸಿ, ಹಲ್ (ದೋಣಿಯ ಒಡಲು) ಮಾತ್ರ ಕರಾವಳಿಯ ಒಂದು ಯಾರ್ಡಿನಲ್ಲಿ ಕಟ್ಟಿಸಿದೆ. ಪೈಲಟ್‌ಹೌಸನ್ನ ನನ್ನ ಶೆಡ್ಡಲ್ಲೇ ಮಾಡಿ, ಲಾರಿಗೇರಿಸಿ, ಕುಣಿಗಲ್, ಹಾಸನ, ಶಿರಾಡಿ ಘಾಟಿ ಹಾದು ಮಂಗಳೂರಿಗೆ ಇಳಿಸಿದೆ. ದಾರಿಯ ಟೀ ಅಂಗಡಿಯವರೆಲ್ಲ ಅದನ್ನ ಟೋಲ್‌ಗೇಟಿನ ಕ್ಯಾಬಿನ್ ಅಂದ್ಕೊಂಡ್ರು.

ಎಡವಟ್ಟಾಗಿದ್ದು ಆ ಕ್ಯಾಬಿನ್ನಿನಲ್ಲೇ. ಡ್ರಾಯಿಂಗ್ ಪ್ರಕಾರ ಅದು 4 ಮಿ.ಮೀ. ಅಲ್ಯುಮಿನಿಯಂ. ಉಕ್ಕಿನ ಡೆಕ್ಕಿಗೆ (ದೋಣಿಯ ಮೇಲ್ಹಾಸಿಗೆ) ಅಲ್ಯುಮಿನಿಯಂ ನೇರವಾಗಿ ವೆಲ್ಡ್ ಆಗಲ್ಲ. ಎರಡೂ ಲೋಹ ಮೊದಲೇ ಬೆಸೆದಿರೋ ಪಟ್ಟಿಯೊಂದು ನಡುವೆ ಬೇಕು, ಇಲ್ಲವೇ ಪ್ಯಾಕಿಂಗ್ ಕೊಟ್ಟು ಬೋಲ್ಟ್ ಹಾಕಬೇಕು. ಸಂದಿಗೆ ಉಪ್ಪುನೀರು ಸೇರಿದರೆ ಅಲ್ಯುಮಿನಿಯಂ ತಿಂದುಹೋಗುತ್ತೆ. ಇಷ್ಟೆಲ್ಲ ರಗಳೆ ಯಾಕೆ, ಉಕ್ಕು ಕೈಗೆ ಒಗ್ಗಿದ್ದು, ಅದರಲ್ಲೇ ಮಾಡೋಣ ಅಂದೆ. ಡಿಸೈನರ್‌ಗೆ ಒಂದು ಮಾತು ಬರೆದು ಕೇಳಲೂ ಇಲ್ಲ.

ಲೆಕ್ಕ ಬಿಡಿಸಿ ಹೇಳ್ತೀನಿ, ಉದ್ದವಾದ್ರೂ ಓದಿ. ಗಾಜಿನ ಜಾಗ ಕಳೆದು ಪ್ಲೇಟು ಸುಮಾರು 14 ಚದರ ಮೀಟರ್. 4 ಮಿ.ಮೀ. ಅಲ್ಯುಮಿನಿಯಂ ಚದರ ಮೀಟರಿಗೆ 10.8 ಕೆ.ಜಿ. ತೂಗುತ್ತೆ, ಒಟ್ಟು 150 ಕೆ.ಜಿ. ಅದೇ ದಪ್ಪದ ಉಕ್ಕು 31.4 ಕೆ.ಜಿ., ಒಟ್ಟು 440. ಅಂದರೆ 290 ಕೆ.ಜಿ. ಜಾಸ್ತಿ. ಹತ್ತು ಟನ್ನಿನ ದೋಣಿಗೆ ಇದೇನು ಮಹಾ ಅನ್ಸುತ್ತೆ, ನನಗೂ ಹಾಗೇ ಅನ್ಸಿತ್ತು. ಆದರೆ ಇಲ್ಲಿ ಬರೀ ತೂಕ ನೋಡಿದರೆ ಆಗಲ್ಲ, ಎತ್ತರದಿಂದ ಗುಣಿಸಬೇಕು. ಕ್ಯಾಬಿನ್ನಿನ ನಡುಭಾಗ ದೋಣಿಯ ಗುರುತ್ವಕೇಂದ್ರಕ್ಕಿಂತ 1.8 ಮೀಟರ್ ಮೇಲಿತ್ತು: 290 ಗುಣಿಸು 1.8, ಬಂತು 522. ಇದನ್ನ ಸರಿದೂಗಿಸೋಕೆ ಕೀಲ್‌ಗೆ, ಅಂದರೆ ದೋಣಿಯ ತಳದ ಬೆನ್ನೆಲುಬಿಗೆ, ಸೀಸ ತುಂಬಬೇಕು. ಕೀಲ್‌ನಲ್ಲಿ ನನಗೆ ಸಿಕ್ಕ ಜಾಗ ಕೇಂದ್ರಕ್ಕಿಂತ 0.9 ಮೀಟರ್ ಮಾತ್ರ ಕೆಳಗೆ. 522 ಭಾಗಿಸು 0.9, ಹೆಚ್ಚುಕಡಿಮೆ 580 ಕೆ.ಜಿ. ಮೇಲೆ ಒಂದು ಕಿಲೋ ಇಟ್ಟಿದ್ದಕ್ಕೆ ಕೆಳಗೆ ಎರಡು ಕಿಲೋ ದಂಡ. ಎರಡೂ ಸೇರಿ 870 ಕೆ.ಜಿ. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 20 ಚದರ ಮೀಟರ್ ಇದ್ದರೆ ಪ್ರತಿ 205 ಕೆ.ಜಿ.ಗೆ ಒಂದು ಸೆಂಟಿಮೀಟರ್ ಮುಳುಗುತ್ತೆ. ನನ್ನದು ನಾಲ್ಕು ಸೆಂಟಿಮೀಟರ್ ಕೆಳಗೆ ಕೂತಿತು. ಕಾಕ್‌ಪಿಟ್‌ನಿಂದ (ಡೆಕ್ಕಿನಲ್ಲಿ ಕೂರೋ ತಗ್ಗು ಜಾಗ) ನೀರು ಹೊರಹೋಗೋ ತೂತುಗಳಿಂದ ನೀರು ಒಳಬರೋಕೆ ಶುರುವಾಯ್ತು, ಎಕ್ಸಾಸ್ಟ್ ಪೈಪಿನ ಬಾಯಿ ಮೇಲೆತ್ತಿಸಬೇಕಾಯ್ತು.

ಮೋಸ ಏನಪ್ಪಾ ಅಂದ್ರೆ, ಸೀಸ ಹಾಕೋಕೆ ಮುಂಚೆ ದೋಣಿ ಬಹಳ ಹಿತವಾಗಿತ್ತು. ಅಲೆಗೆ ಮೆಲ್ಲಗೆ ವಾಲಿ ಮೆಲ್ಲಗೆ ಏಳ್ತಿತ್ತು. ತೊಟ್ಟಿಲಿದ್ದ ಹಾಗಿದೆ ಅಂತ ಮನೆಯವರೂ ಮೆಚ್ಚಿದರು. ಮಲ್ಪೆಯಲ್ಲಿ ಕಟ್ಟಿದ್ದಾಗ ಹಿರಿಯ ಮೀನುಗಾರರೊಬ್ಬರು ಒಂದು ಸುತ್ತು ಬಂದರು. ಇಳಿಯೋವಾಗ ಹೇಳಿದರು: "ಇದು ಬಗ್ಗಿದ ಮೇಲೆ ಏಳ್ಲಿಕ್ಕೆ ಯೋಚನೆ ಮಾಡ್ತದೆ ಮಾರಾಯ್ರೆ." ಅಷ್ಟೇ. ತನ್ನಷ್ಟಕ್ಕೆ ತಾನು ನೆಟ್ಟಗಾಗೋ ಶಕ್ತಿ ಕಮ್ಮಿಯಾದಷ್ಟೂ ದೋಣಿ ನಿಧಾನವಾಗಿ ಓಲಾಡುತ್ತೆ ಅನ್ನೋದನ್ನ ನಾನು ಆಮೇಲೆ ಓದಿ ತಿಳ್ಕೊಂಡಿದ್ದು. ಗಾಳಿಯಿಲ್ಲದ ಬೆಳಗ್ಗೆ ಕ್ಯಾಬಿನ್ ಒಳಗೆ ಗಾರೆಯವರ ತೂಕದ ಗುಂಡು ನೇತುಹಾಕಿ, ಡೆಕ್ಕಿನ ಮೇಲೆ ಗೊತ್ತಿರೋ ತೂಕವನ್ನ ಒಂದು ಬದಿಗೆ ಸರಿಸಿ, ದಾರ ಎಷ್ಟು ವಾಲಿತು ಅಂತ ಅಳೆದರೆ ಸ್ಥಿರತೆಯ ಲೆಕ್ಕ ಸಿಗುತ್ತೆ. ಮಾಡಿ ನೋಡಿದೆ. ಡಿಸೈನರ್ ಕೊಟ್ಟ ಅಂಕಿಯ ಹತ್ತಿರಕ್ಕೂ ಬರಲಿಲ್ಲ. ಸೀಸಕ್ಕೆ, ದೋಣಿ ಮತ್ತೆ ದಡಕ್ಕೆ ಎಳೆಸಿದ್ದಕ್ಕೆ, ಪೈಪಿನ ಕೆಲಸಕ್ಕೆ ಕೊಟ್ಟ ದುಡ್ಡಲ್ಲಿ ಅಲ್ಯುಮಿನಿಯಂ ಕ್ಯಾಬಿನ್ ಎರಡು ಬರ್ತಿತ್ತು.

ಈಗ ನಿಮ್ಮ ವಿಷಯ. ಪೈಲಟ್‌ಹೌಸ್ ನಿಮಗೆ ಯಾಕೆ ಸರ್? ನೀವು ಫೋಟೋದಲ್ಲಿ ನೋಡಿರೋ ದೋಣಿಗಳಲ್ಲಿ ಫಿಶರ್ ಇಂಗ್ಲೆಂಡಿನದು, ನಾಟಿಕ್ಯಾಟ್ ಫಿನ್ಲೆಂಡಿನದು. ಚಳಿ, ಜಡಿಮಳೆಯಲ್ಲಿ ಚಕ್ರ ಹಿಡಿದು ನಿಲ್ಲೋರಿಗೆ ಮಾಡಿದ್ದು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆ ಬೋಟುಗಳೇ ಕಡಲಿಗೆ ಇಳಿಯಲ್ಲ. ಆ ಮಳೆಯಲ್ಲಿ ನೀವೂ ಹೋಗಲ್ಲ. ಮಿಕ್ಕ ತಿಂಗಳಲ್ಲಿ ಬೇಕಾಗಿರೋದು ನೆರಳು. ಗಾಜಿನ ಡಬ್ಬಿ ಬೆಳಗ್ಗೆ ಹನ್ನೊಂದಕ್ಕೇ ಕಾದು ಕೂತಿರುತ್ತೆ, ಆಮೇಲೆ ಎಸಿ, ಎಸಿಗೆ ಬ್ಯಾಟರಿ, ಬ್ಯಾಟರಿಗೆ ಚಾವಣಿ ಮೇಲೆ ಸೋಲಾರ್, ಮತ್ತೆ ತೂಕ. 10 ಮಿ.ಮೀ. ಗಾಜು ಚದರ ಮೀಟರಿಗೆ 25 ಕೆ.ಜಿ., ಅಂದರೆ ಆ ಅಲ್ಯುಮಿನಿಯಂ ಪ್ಲೇಟಿಗಿಂತ ಎರಡು ಪಟ್ಟಿಗೂ ಭಾರ. ಇನ್ನು ಮಂಗಳೂರಿಂದ ಗೋವಾ ಕಡೆ ಹೊರಟರೆ ಮಧ್ಯಾಹ್ನದ ವಾಯುವ್ಯ ಗಾಳಿ ಮುಖಕ್ಕೇ ಬೀಸುತ್ತೆ, ಎತ್ತರದ ಕ್ಯಾಬಿನ್ ಅದಕ್ಕೆ ಅಡ್ಡ ನಿಂತ ಗೋಡೆ. ಮುಂದೊಂದು ಗಾಜು, ಮೇಲೊಂದು ಗಟ್ಟಿ ಚಾವಣಿ, ಪಕ್ಕಕ್ಕೆ ಸುತ್ತಿಡೋ ಪರದೆ: ಸಾಕು. ಆರಡಿಯವನು ಎದ್ದು ನಿಲ್ಲಬೇಕು ಅಂದರೆ ನೆಲ ತಗ್ಗಿಸಿ, ಚಾವಣಿ ಎತ್ತಬೇಡಿ.

ಎಂಜಿನ್ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. 36 ಅಡಿ ದೋಣಿ ನೀರಿಗೆ ತಾಗೋ ಉದ್ದ 32 ಅಡಿ ಅಂತಿಟ್ಕೊಳ್ಳಿ. ವರ್ಗಮೂಲ 5.66, ಅದನ್ನ 1.34ರಿಂದ ಗುಣಿಸಿದರೆ 7.6 ನಾಟ್, ಅಂದರೆ ಗಂಟೆಗೆ ಸುಮಾರು 14 ಕಿ.ಮೀ. ಈ ಥರದ ಭಾರದ ಹಲ್ ಅದಕ್ಕಿಂತ ಜೋರಾಗಿ ಓಡಲ್ಲ. 120 ಎಚ್‌ಪಿ ಹಾಕಿದರೆ ಹಿಂಭಾಗ ನೀರಲ್ಲಿ ತಗ್ಗುತ್ತೆ, ಡೀಸೆಲ್ ಸುಡುತ್ತೆ. ನಿಮ್ಮದು 12 ಟನ್ ಆಸುಪಾಸು ಅಂದ್ಕೊಂಡರೆ, ಟನ್ನಿಗೆ 4 ಎಚ್‌ಪಿ ಲೆಕ್ಕದಲ್ಲಿ 45ರಿಂದ 50 ಸಾಕು, ನಿಧಾನಕ್ಕೆ ತಿರುಗೋ ದೊಡ್ಡ ಪ್ರೊಪೆಲ್ಲರ್ ಇರಲಿ. 500 ಲೀಟರ್ ಡೀಸೆಲ್ ಅಂದರೆ 420 ಕೆ.ಜಿ., ಟ್ಯಾಂಕು ತಳದಲ್ಲೇ ಇರಬೇಕು, ಒಳಗೆ ಅಡ್ಡಗೋಡೆ ಬೇಕೇ ಬೇಕು. ಅರ್ಧ ಖಾಲಿಯಾದ ಟ್ಯಾಂಕಲ್ಲಿ ಎಣ್ಣೆ ಒಂದು ಬದಿಗೆ ನುಗ್ಗಿದರೆ ದೋಣಿ ಇನ್ನಷ್ಟು ವಾಲುತ್ತೆ.

ಇನ್ನು "ನನ್ನದೇ ಡಿಸೈನ್" ಅನ್ನೋ ನಿಮ್ಮ ಆಸೆ. ನೌಕಾಪಡೆಯ ಮಾದೇಯಿ ಅನ್ನೋ ಹಾಯಿದೋಣಿ ಗೋವಾದ ದಿವಾರ್ ದ್ವೀಪದ ಯಾರ್ಡಿನಲ್ಲಿ ಕಟ್ಟಿದ್ದು. ಅದರಲ್ಲೇ ನೌಕಾಪಡೆಯ ಅಧಿಕಾರಿ ದಿಲೀಪ್ ದೋಂಡೆ 2009-10ರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಅದೂ ಟೋಂಗಾ 56 ಅನ್ನೋ ಮೊದಲೇ ಇದ್ದ ಡಚ್ ಡಿಸೈನು. ಭೂಮಿ ಸುತ್ತೋರೇ ಹೊಸದು ಬರೆಸಲಿಲ್ಲ, ಕಾರವಾರಕ್ಕೆ ಹೋಗಿಬರೋಕೆ ನಮಗ್ಯಾಕೆ? ಈಗಾಗಲೇ ನೀರಿನ ಮೇಲೆ ಓಡಾಡ್ತಿರೋ ದೋಣಿಯ ಡ್ರಾಯಿಂಗ್ ಕೊಳ್ಳಿ, ಡೆಕ್ಕಿನಿಂದ ಮೇಲೆ ಒಂದು ಬೋಲ್ಟ್ ಬದಲಿಸೋದಾದ್ರೂ ಡಿಸೈನರ್‌ನ ಕೇಳಿ.

ಡ್ರಾಯಿಂಗ್ ಜೊತೆ ತೂಕದ ಪಟ್ಟಿನೂ ಕೇಳಿ ತರಿಸ್ಕೊಳ್ಳಿ. ಬಂದ ಮೇಲೆ ಇಲ್ಲೇ ಹಾಕಿ, ಡೆಕ್ಕಿನಿಂದ ಮೇಲಿನ ಸಾಲುಗಳನ್ನ ನಾನೇ ಕೂತು ಕೂಡಿ ನೋಡ್ತೀನಿ.